ಒಂದು ಐರಿಷ್ ಮಟ್ಟಿನ ವೇಗ

ಟೇಪು ನನ್ನ ಮೇಜಿಗೆ ಬಂದಾಗ ವಿನಿಗರ್ ವಾಸನೆ ಹೊಡೆಯುತ್ತಿತ್ತು. ಬಿಸ್ಕತ್ತಿನ ಹಳೇ ತಗಡಿನ ಡಬ್ಬಿ, ಅದರೊಳಗೆ ಪಾತ್ರೆ ಒರೆಸುವ ಬಟ್ಟೆ, ಬಟ್ಟೆಯೊಳಗೆ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಸುರುಳಿ. ಆ ವಾಸನೆ ಬಂತೆಂದರೆ ಟೇಪಿನ ಪ್ಲಾಸ್ಟಿಕ್ಕು ಕೊಳೆಯುತ್ತಿದೆ ಎಂದರ್ಥ. ಇನ್ನೊಂದೆರಡು ವರ್ಷ ಬಿಟ್ಟಿದ್ದರೆ ಮುಟ್ಟಿದರೆ ಪುಡಿಯಾಗುತ್ತಿತ್ತು.

ತಂದವರು ದೋಹಾದ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಟೀಚರು. ಮೂಲ ಐರ್ಲೆಂಡು, ಹುಟ್ಟಿ ಬೆಳೆದದ್ದು ಇಂಗ್ಲೆಂಡು. ವಯಸ್ಸು ನನ್ನಷ್ಟೇ, ಐವತ್ತರ ಆಸುಪಾಸು. ಅಲ್ ಹಿಲಾಲ್‌ನಲ್ಲಿರುವ ನಮ್ಮದು ಸಣ್ಣ ಸ್ಟುಡಿಯೊ. ಹಳೆಯ ಟೇಪುಗಳಿಂದ ಧ್ವನಿ ಎತ್ತಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಮೆಶಿನ್ನುಗಳನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಕಾಪು ಕಡೆಯಿಂದ ಬಂದ ನಮ್ಮ ಹಿರಿಯ ಮೆಕ್ಯಾನಿಕ್ ಕೆಲಸ. ಟೀಚರಮ್ಮ ಕೂರಲೂ ಇಲ್ಲ, ನಿಂತೇ ಹೇಳಿದರು.

"ನನ್ನ ಅಮ್ಮ ನಮ್ಮ ಮನೆಯಲ್ಲೇ ಮಲಗಿದ್ದಾರೆ, ಅಲ್ ಅಜೀಜಿಯಾದಲ್ಲಿ. ಡಾಕ್ಟರು ಎರಡು ವಾರ ಅಂದಿದ್ದಾರೆ, ಹೆಚ್ಚೆಂದರೆ ಮೂರು. ಇದರಲ್ಲಿ ಅವರ ತಮ್ಮ ಪಿಟೀಲು ನುಡಿಸಿದ್ದಾನೆ. ಸಾಯುವ ಮೊದಲು ಒಮ್ಮೆ ಕೇಳಬೇಕಂತೆ."

"ಮೊದಲು ಯಾವಾಗ ಕೇಳಿದ್ದರು? ಧ್ವನಿ ಹೇಗಿತ್ತು ಅಂತ ನೆನಪಿದ್ದರೆ ನನಗೆ ಅನುಕೂಲ."

"ಕೇಳೇ ಇಲ್ಲ," ಅಂದರು ಆಕೆ. "ಅರವತ್ತು ವರ್ಷ ಇಟ್ಟುಕೊಂಡಿದ್ದಾರೆ, ಒಮ್ಮೆಯೂ ಕೇಳಿಲ್ಲ. ಆಗ ಮನೆಯಲ್ಲಿ ಮೆಶಿನ್ ಇರಲಿಲ್ಲ. ಆಮೇಲೆ ತಮ್ಮ ಅಮೆರಿಕಕ್ಕೆ ಹೋದವನು ಅಲ್ಲಿ ಕಟ್ಟಡದ ಕೆಲಸದಲ್ಲಿ ಬಿದ್ದು ಸತ್ತ. ಇಪ್ಪತ್ತಮೂರು ವರ್ಷ. ಆಮೇಲೆ ಅಮ್ಮನಿಗೆ ಧೈರ್ಯ ಬರಲಿಲ್ಲ."

ನನ್ನ ಕೈಗೆ ಬರುವ ಟೇಪುಗಳಲ್ಲಿ ಮುಕ್ಕಾಲುಪಾಲು ಸತ್ತವರದ್ದೇ. ಹಾಗಾಗಿ ಗಿರಾಕಿಗಳ ಕಣ್ಣೀರಿಗೆ ನಾನು ಸ್ವಲ್ಪ ದಪ್ಪ ಚರ್ಮದವಳು. ಆದರೆ ಇದು ಬೇರೆ ಎಂದು ಅನ್ನಿಸಿತು. ಅರವತ್ತು ವರ್ಷ ಎತ್ತಿಟ್ಟ ಮೊದಲ ಕೇಳುವಿಕೆ ನನ್ನ ಕೈಲಿತ್ತು. ಅದನ್ನು ಎರಡನೇ ಸಲ ಮಾಡಲು ಬರುವುದಿಲ್ಲ.

ಟೀಚರಮ್ಮನಿಗೆ ಇನ್ನೊಂದು ಆಸೆಯೂ ಇತ್ತು. ಟೇಪಿನಲ್ಲಿ ತಮ್ಮ ನುಡಿಸಿದ್ದ ಆ ಮಟ್ಟಿನ ಇತಿಹಾಸವನ್ನು ಆಕೆ ಬರೆಯುತ್ತಿದ್ದರು. ಅಮ್ಮನ ಊರಿನ ಕಡಲತೀರದಲ್ಲಿ ಹುಟ್ಟಿದ್ದಂತೆ ಅದು. ಯಾರು ಕಟ್ಟಿದರು ಎಂದು ಯಾರಿಗೂ ಗೊತ್ತಿಲ್ಲ. ಅವರಲ್ಲಿ ಮಟ್ಟಿಗೆ ಹೆಸರಿಡುವ ಕ್ರಮವೇ ವಿಚಿತ್ರ: ಯಾರಿಂದ ಕಲಿತರೋ ಅವರ ಹೆಸರಿನಲ್ಲೇ ಅದನ್ನು ಕರೆಯುತ್ತಾರೆ. ಹಾಗಾಗಿ ಒಂದೇ ಮಟ್ಟು ನಾಲ್ಕು ಊರಲ್ಲಿ ನಾಲ್ಕು ಹೆಸರು ಹೊತ್ತು ನಿಂತಿದೆ, ಒಂದೂ ಕಟ್ಟಿದವನದ್ದಲ್ಲ. ಹಿಂದೆ ಒಬ್ಬ ಪಾದ್ರಿ ಆ ಕಡೆಯ ಮಟ್ಟುಗಳನ್ನೆಲ್ಲ ಬರೆದುಕೊಂಡು ಪುಸ್ತಕ ಮಾಡಿದಾಗ ಇದರ ಮೇಲೆ ಶೋಕಗೀತೆ ಎಂದು ಬರೆದುಬಿಟ್ಟ. ದೋಣಿ ಮುಳುಗಿ ಸತ್ತವರಿಗಾಗಿ ನುಡಿಸುವುದು, ನಿಧಾನಕ್ಕೆ ನುಡಿಸಬೇಕು, ಎಂದು. ಪುಸ್ತಕ ನೋಡಿ ಕಲಿತವರೆಲ್ಲ ಅಂದಿನಿಂದ ಅದನ್ನು ಹೆಣ ಹೊತ್ತವರ ಹೆಜ್ಜೆಯಲ್ಲೇ ನುಡಿಸುತ್ತಿದ್ದಾರೆ.

"ಅಮ್ಮ ಮಾತ್ರ ಒಪ್ಪಲ್ಲ," ಅಂದರು ಟೀಚರಮ್ಮ. "ಅದು ಮದುಮಗಳನ್ನ ಗಂಡನ ಮನೆಗೆ ನಡೆಸಿಕೊಂಡು ಹೋಗುವಾಗ ನುಡಿಸೋದು ಅಂತಾರೆ. ಅವರಜ್ಜ ಹಾಗೇ ನುಡಿಸ್ತಿದ್ದರಂತೆ. ಆದರೆ ಅದಕ್ಕೆ ಆಧಾರ ಎಲ್ಲಿದೆ? ಆ ಮನೆತನದ ನುಡಿಸಾಣಿಕೆ ಉಳಿದಿರೋದು ಇದೊಂದು ಟೇಪಿನಲ್ಲೇ. ಅಮ್ಮನ ತಮ್ಮ ಹಡಗು ಹತ್ತುವ ಹಿಂದಿನ ವಾರ ಒಬ್ಬರು ಮೆಶಿನ್ ತಗೊಂಡು ಊರಿಗೆ ಬಂದಿದ್ದರಂತೆ. ಅಡುಗೆಮನೆಯಲ್ಲಿ ಕೂತು ರೆಕಾರ್ಡ್ ಮಾಡಿದ್ದು ಅಂತ ಊರಿನವರು ಹೇಳ್ತಾರೆ, ಟೇಪು ಹೇಗೆ ಬಂತು ಅಂತ ಅಮ್ಮ ಯಾವತ್ತೂ ಹೇಳಿಲ್ಲ."

ನಾನು ಫಾರಮ್ಮಿನಲ್ಲಿ ಬರೆದುಕೊಂಡೆ: ಐರ್ಲೆಂಡ್, ಮನೆಯ ಅಡುಗೆಮನೆ. ಕೆಳಗೆ ಆಕೆಯ ಸಹಿ ಹಾಕಿಸಿದೆ. ಆ ಒಂದು ಸಾಲು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲ ಮೂರು ದಿನ ಟೇಪನ್ನು ಮೆಶಿನ್ನಿಗೆ ಹಾಕುವ ಹಾಗೇ ಇರಲಿಲ್ಲ. ಸುರುಳಿ ಬಿಚ್ಚಿದರೆ ತೊಟ್ಟಿಲಿನ ಹಾಗೆ ಬಾಗಿಕೊಳ್ಳುತ್ತಿತ್ತು, ಅಂಚು ಸೀಳಿತ್ತು. ಇಲ್ಲಿಯ ಏಸಿ ಗಾಳಿ ಮನುಷ್ಯರ ತುಟಿಯನ್ನೇ ಒಡೆಯುತ್ತದೆ, ಇನ್ನು ಆ ಟೇಪಿನ ಗತಿ ಏನು? ಮೆಕ್ಯಾನಿಕ್ ಟೇಪಿನಿಂದ ಧ್ವನಿ ಎತ್ತುವ ಹೆಡ್ಡುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎಳೆತ ಕಡಿಮೆಯಾಗುವಂತೆ ಸ್ಪ್ರಿಂಗು ಬದಲಾಯಿಸಿ, ಪುಟ್ಟ ಸುರುಳಿ ಕೂರಲು ಒಂದು ಬಿಲ್ಲೆಯನ್ನು ತಾವೇ ಅರದಿಂದ ಉಜ್ಜಿ ಮಾಡಿದರು. ಆದರೂ ಹನ್ನೊಂದು ಕಡೆ ತುಂಡಾಯಿತು. ಪ್ರತಿ ತುಂಡನ್ನೂ ಭೂತಗನ್ನಡಿಯ ಕೆಳಗಿಟ್ಟು, ತುದಿಗೆ ತುದಿ ಕೂಡಿಸಿ, ಹಿಂಬದಿಯಿಂದ ಅಂಟಿಸಿದೆ. ಒಂದು ತುಂಡು ಅಂಟಿಸುವಾಗ ಮೆಕ್ಯಾನಿಕ್ ನನ್ನ ಹೆಗಲ ಹಿಂದಿನಿಂದ ಇಣುಕಿದರು.

"ಉಸಿರು ಬಿಡ್ಬೇಡಿ ಮಾರಾಯ್ತಿ, ಹಾರಿ ಹೋದೀತು."

"ನೀವು ಹೀಗೆ ಹಿಂದೆ ನಿಂತ್ರೆ ನಾನೇ ಹಾರಿ ಹೋಗ್ತೀನಿ ಅಣ್ಣ. ಚಾ ಕುಡ್ಕೊಂಡ್ ಬನ್ನಿ ಹೋಗಿ."

ನಾಲ್ಕನೇ ದಿನ ಧ್ವನಿ ಬಂತು. ಮೊದಲಿಗೆ ಗಂಡಸಿನ ದನಿಯಲ್ಲಿ ಒಂದೇ ಮಾತು, ಇಂಗ್ಲಿಷಿನಲ್ಲಿ: "ಸರಿ, ಹೊರಡು ಹಾಗಾದ್ರೆ." ಆಮೇಲೆ ನಾಲ್ಕು ನಿಮಿಷ ಪಿಟೀಲು. ಅದರ ಕೆಳಗೆ ಉದ್ದಕ್ಕೂ ಗುಂಯ್ ಎನ್ನುವ ಕರೆಂಟಿನ ಸದ್ದು.

ಈ ಗುಂಯ್ ನಮ್ಮ ಕೆಲಸದಲ್ಲಿ ಶತ್ರುವೂ ಹೌದು, ಸಾಕ್ಷಿಯೂ ಹೌದು. ಹಳೆಯ ಅಗ್ಗದ ಮೆಶಿನ್ನುಗಳು ಸರಿಯಾದ ವೇಗದಲ್ಲಿ ಓಡುತ್ತಿರಲಿಲ್ಲ. ಸುರುಳಿ ತುಂಬುತ್ತಿದ್ದಂತೆ ಟೇಪಿನ ಓಟ ಬದಲಾಗುತ್ತಿತ್ತು. ಹಾಗಾದರೆ ಅಸಲು ವೇಗ ಯಾವುದು ಎಂದು ಕಂಡುಹಿಡಿಯುವುದು ಹೇಗೆ? ಗೋಡೆಯ ಕರೆಂಟಿನಿಂದ. ಕರೆಂಟು ಒಂದು ಸೆಕೆಂಡಿಗೆ ಇಂತಿಷ್ಟು ಸಲ ಮಿಡಿಯುತ್ತದೆ, ಆ ಮಿಡಿತ ಟೇಪಿನಲ್ಲಿ ಗುಂಯ್ ಎಂದು ಕೂತಿರುತ್ತದೆ. ಅದನ್ನು ಅದರ ಜಾಗಕ್ಕೆ ತಂದರೆ ಸಂಗೀತವೂ ತನ್ನ ಜಾಗಕ್ಕೆ ಬರುತ್ತದೆ. ಈ ಟೇಪಿನಲ್ಲಿ ಗುಂಯ್ ಶುರುವಿನಲ್ಲಿ ಐವತ್ತೆಂಟರ ಹತ್ತಿರ ಇತ್ತು, ಕೊನೆಗೆ ಐವತ್ನಾಲ್ಕಕ್ಕೆ ಇಳಿದಿತ್ತು. ಐರ್ಲೆಂಡಿನ ಕರೆಂಟು ಐವತ್ತು. ಮೈಸೂರಿನದ್ದು ಐವತ್ತು, ದೋಹಾದ್ದೂ ಐವತ್ತು. ಜೀವಮಾನವಿಡೀ ನನ್ನ ಕಿವಿಗೆ ಬಿದ್ದ ಗುಂಯ್ ಐವತ್ತೇ. ನಾನು ಎರಡನೇ ಸಲ ಯೋಚಿಸಲಿಲ್ಲ. ಇಡೀ ಟೇಪನ್ನು ಐವತ್ತಕ್ಕೆ ಇಳಿಸಿದೆ.

ಇಳಿಸಿದ ಮೇಲೆ ಕಿವಿಯಿಂದ ಪರೀಕ್ಷೆ ಮಾಡದೆ ನಾನು ಯಾವ ಕೆಲಸವನ್ನೂ ಕೊಡುವುದಿಲ್ಲ. ಚಿಕ್ಕಂದಿನಲ್ಲಿ ಹತ್ತು ವರ್ಷ ಮೈಸೂರಿನಲ್ಲಿ ಪಿಟೀಲು ಕಲಿತವಳು, ಆ ಬಗ್ಗೆ ಕೊಂಚ ಜಂಬವೂ ಉಂಟು. ಹೆಡ್‌ಫೋನ್ ಹಾಕಿಕೊಂಡು ಕೂತೆ. ತಂತಿಗಳು ಕೆಳಗೆ, ಸಡಿಲವಾಗಿ, ಎದೆಗೆ ಹತ್ತಿರವಾಗಿ ನುಡಿಯುತ್ತಿದ್ದವು. ಸ್ವರಗಳನ್ನು ಸುತ್ತಿ ಸುತ್ತಿ ಎಳೆಯುವ ಬೆರಳು ನನಗೆ ನಮ್ಮ ಗಮಕದಂತೆಯೇ ಕೇಳಿಸಿತು. ಎಷ್ಟು ಸಂಕಟ ಇತ್ತು ಅದರಲ್ಲಿ! ಊರು ಬಿಡುವ ಹಿಂದಿನ ವಾರ ಹುಡುಗ ಹೀಗಲ್ಲದೆ ಇನ್ನು ಹೇಗೆ ನುಡಿಸಿಯಾನು ಎಂದುಕೊಂಡೆ. ಕಣ್ಣು ಒದ್ದೆಯಾಯಿತು. ದಪ್ಪ ಚರ್ಮದವಳ ಕಣ್ಣು. ಅಂದೇ ಮಧ್ಯಾಹ್ನ ಟೀಚರಮ್ಮನಿಗೆ ಕಳಿಸಿಬಿಟ್ಟೆ.

ಒಂದು ಗಂಟೆಯೊಳಗೆ ಆಕೆಯ ಫೋನ್ ಬಂತು. ದನಿಯಲ್ಲಿ ಸಂಭ್ರಮ, ಜತೆಗೆ ಏನೋ ಕಸಿವಿಸಿ.

"ಅದ್ಭುತವಾಗಿದೆ. ಶೋಕಗೀತೆಯೇ, ಸಂಶಯವೇ ಇಲ್ಲ. ನನ್ನ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಡ. ಆದರೆ ಅಮ್ಮ ಗುರುತು ಹಿಡಿಯುತ್ತಿಲ್ಲ. ಒಮ್ಮೆ ಬಂದು ಹೋಗ್ತೀರಾ? ಬಹುಶಃ ನಮ್ಮ ಸ್ಪೀಕರ್ ಸರಿಯಿಲ್ಲ."

ಮರುದಿನ ಒಳ್ಳೆಯ ಸ್ಪೀಕರು ಹೊತ್ತುಕೊಂಡು ಅಲ್ ಅಜೀಜಿಯಾಕ್ಕೆ ಹೋದೆ. ವಿಲ್ಲಾದ ಕೆಳಗಿನ ಕೋಣೆಯಲ್ಲಿ ಆಸ್ಪತ್ರೆಯ ಮಂಚ, ಪರದೆ ಅರ್ಧ ಎಳೆದಿತ್ತು. ಅಜ್ಜಿ ದಿಂಬಿನಲ್ಲಿ ಹುದುಗಿಹೋಗಿದ್ದರು. ನೋವಿನ ಔಷಧದ ಮಂಪರು ಇದ್ದರೂ ಕಣ್ಣು ಚುರುಕಾಗಿತ್ತು. ನನ್ನನ್ನು ನೋಡಿ, ನೀನೇ ಏನು ಟೇಪಿನವಳು, ಎಂದು ಕೇಳಿದರು. ಹೌದು ಎಂದೆ. ಸ್ಪೀಕರು ಹಚ್ಚಿದೆ.

ಗಂಡಸಿನ ದನಿ ಬಂದ ಕೂಡಲೇ ಅಜ್ಜಿಯ ಮುಖ ಗಂಟಿಕ್ಕಿತು.

"ಯಾರು ಈ ಮುದುಕ?"

"ಅಮ್ಮಾ, ಅದು ಮಾಮ," ಅಂದರು ಟೀಚರಮ್ಮ.

"ನನ್ನ ತಮ್ಮ ಮುದುಕನಾಗಲೇ ಇಲ್ಲ."

ಪಿಟೀಲು ಶುರುವಾಯಿತು. ಅಜ್ಜಿಯ ಬಲಗೈಯ ಎರಡು ಬೆರಳು ಹೊದಿಕೆಯ ಮೇಲೆ ಅಲ್ಲಾಡತೊಡಗಿದವು. ಪಿಟೀಲಿಗಿಂತ ಬೇಗ, ಪಿಟೀಲನ್ನು ಬಿಟ್ಟು ಮುಂದೆ ಹೋಗುತ್ತಾ, ಮತ್ತೆ ನಿಂತು, ಮತ್ತೆ ಮುಂದೆ. ನಾನು ಅದನ್ನು ನೋಡಿದೆ. ನಡುಕ ಎಂದುಕೊಂಡೆ. ಆ ಬೆರಳುಗಳು ನನಗೆ ಪಾಠ ಹೇಳುತ್ತಿದ್ದವು, ನನಗೆ ತಲೆಗೆ ಹೋಗಲಿಲ್ಲ. ಇದಕ್ಕೆ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

"ಇದು ಅವನಲ್ಲ," ಅಂದರು ಅಜ್ಜಿ. "ಇದು ಸತ್ತವರಿಗೆ ನುಡಿಸುವವನು ಯಾರೋ. ನಿಲ್ಲಿಸಿ."

ಟೀಚರಮ್ಮ ನನ್ನ ಕಡೆ ನೋಡಿ, ಮೆಲ್ಲಗೆ ಕೇಳಿದರು: "ವೇಗ ತಪ್ಪಿರುವ ಸಾಧ್ಯತೆ ಇದೆಯಾ?"

"ಇಲ್ಲ," ಅಂದೆ. "ಕರೆಂಟಿನ ಲೆಕ್ಕದಿಂದ ಕೂಡಿಸಿದ್ದು. ಮನುಷ್ಯರ ನೆನಪು ತಪ್ಪಬಹುದು, ಅದು ತಪ್ಪಲ್ಲ."

ಅಜ್ಜಿಗೆ ಕೇಳಿಸಿತು. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಹೆಗಲು ಅಲುಗುತ್ತಿತ್ತು. ಮಗಳು ಕೋಣೆಯ ಬಾಗಿಲಲ್ಲೇ ನಿಂತು ನನ್ನ ಕ್ಷಮೆ ಕೇಳಿದರು, ಔಷಧದಿಂದ ಅಮ್ಮನಿಗೆ ಭ್ರಮೆ ಎಂದರು. ಕ್ಷಮೆ ಕೇಳಬೇಕಾದವಳು ನಾನು. ಆದರೆ ಅಂದು ಔದಾರ್ಯದಿಂದ ತಲೆಯಾಡಿಸಿ ಟ್ಯಾಕ್ಸಿ ಹತ್ತಿದೆ.

ಎರಡು ದಿನ ಬೇರೆ ಕೆಲಸ ಮಾಡಿದೆ. ಅಂದರೆ ಮಾಡುವಂತೆ ನಟಿಸಿದೆ. ಯಾವುದೋ ಮದುವೆಯ ಕ್ಯಾಸೆಟ್ಟು, ಯಾವುದೋ ಅರಬ್ಬಿ ಕುಟುಂಬದ ಅಜ್ಜನ ಭಾಷಣ. "ನನ್ನ ತಮ್ಮ ಮುದುಕನಾಗಲೇ ಇಲ್ಲ" ಎನ್ನುವ ಮಾತು ಹಲ್ಲಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಮೂರನೆಯ ದಿನ ಊಟಕ್ಕೆ ಮೆಕ್ಯಾನಿಕ್ ಜತೆ ಅಲ್ ಮನ್ಸೂರಾಕ್ಕೆ ಹೋದಾಗ ಬಾಯಿಬಿಟ್ಟೆ. ಅವರು ಕುಚ್ಚಲಕ್ಕಿ ಅನ್ನಕ್ಕೆ ಸಾರು ಸುರಿದುಕೊಳ್ಳುತ್ತಾ ಕೇಳಿದರು.

"ಆ ಟೇಪು ಎಲ್ಲಿ ರೆಕಾರ್ಡ್ ಆದದ್ದು ಅಂತ ಹೇಳಿದ್ರು?"

"ಅವರ ಮನೇಲೇ ಅಣ್ಣ. ಅಡುಗೆಮನೇಲಿ. ಫಾರಮ್ಮಲ್ಲಿ ಸೈನ್ ಮಾಡಿ ಕೊಟ್ಟಿದ್ದಾರೆ."

"ಹಾಗಾದ್ರೆ ಅಷ್ಟು ಸಣ್ಣ ಸುರುಳಿ ಯಾಕೆ?"

"ಅಂದ್ರೆ?"

"ಮೆಶಿನ್ ಹಿಡ್ಕೊಂಡು ಊರೂರು ತಿರುಗುವವರು ದೊಡ್ಡ ಸುರುಳಿ ಇಟ್ಕೊಳ್ತಾರೆ. ಒಂದು ಪದ ಮುಗಿಯುವ ಮೊದ್ಲೇ ಟೇಪು ಮುಗಿದ್ರೆ ಎಂತ ಮಾಡುದು? ಆ ಪಿಟ್ಟೆ ಸುರುಳಿ ಉಂಟಲ್ಲ, ಅದು ಕಾಗದದ ಬದ್ಲು ಪೋಸ್ಟಿಗೆ ಹಾಕುದು. ಲಕೋಟೆಯಲ್ಲಿ ಹಿಡೀಬೇಕಲ್ಲ. ನಾವು ದಮ್ಮಾಮಿನಲ್ಲಿ ಇರುವಾಗ ಕ್ಯಾಸೆಟ್ ಕಳಿಸ್ತಿದ್ದೆವು ಊರಿಗೆ. ಕಾಗದ ಬರೀಲಿಕ್ಕೆ ಬಾರದವರೆಲ್ಲ ಮಾತಾಡಿ ಕಳಿಸುದು. ನನ್ನ ಮಗಳು ನನ್ನ ದನಿ ಮೊದ್ಲು ಕೇಳಿದ್ದೇ ಕ್ಯಾಸೆಟ್ಟಿನಲ್ಲಿ, ಗೊತ್ತುಂಟಾ?" ಅವರು ಅನ್ನ ಕಲೆಸುವುದನ್ನು ನಿಲ್ಲಿಸಿದರು. "ಮನೆಯಲ್ಲೇ ಕೂತವ ಮನೆಯವರಿಗೆ ಯಾಕೆ ಪೋಸ್ಟು ಮಾಡ್ತಾನೆ ಹೇಳಿ. ಅದು ಹೋದವ ಕಳಿಸಿದ್ದು."

ಅವರು ಮುಂದುವರಿಸಿದರು.

"ಮತ್ತೆ ಆ ಸೌದಿಯ ಕರೆಂಟು ಅರವತ್ತು. ಊರಿಂದ ಒಬ್ಬ ರೆಕಾರ್ಡ್ ಪ್ಲೇಯರ್ ತಂದಿದ್ದ, ಯಕ್ಷಗಾನದ ರೆಕಾರ್ಡು ಹಾಕಿದ್ರೆ ಭಾಗವತರು ಸಣ್ಣ ಮಕ್ಕಳ ಹಾಗೆ ಕೀಚಲು ಕೀಚಲು! ಮೋಟಾರು ಕರೆಂಟಿನ ಲೆಕ್ಕಕ್ಕೆ ತಿರುಗುದಲ್ವಾ. ನಾವೆಲ್ಲ ನಗಾಡಿ ನಗಾಡಿ..."

"ಅಣ್ಣ," ಅಂದೆ, "ಅಮೆರಿಕದ ಕರೆಂಟು?"

"ಅದೂ ಅರವತ್ತೇ."

ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪುಸ್ತಕದಲ್ಲಿ ಓದಿದ್ದೇ. ಗೊತ್ತಿದ್ದೂ ಕೇಳದೆ ಹೋದದ್ದು ನನ್ನ ಸೊಕ್ಕು.

ಊಟ ಅಲ್ಲಿಗೇ ಬಿಟ್ಟು ಸ್ಟುಡಿಯೊಗೆ ಬಂದೆ. ಟೀಚರಮ್ಮನ ಸಹಿಯಿದ್ದ ಫಾರಮ್ಮು ಫೈಲಿನಲ್ಲಿತ್ತು. ನಿಯಮದ ಪ್ರಕಾರ ಗಿರಾಕಿ ಬರೆದುಕೊಟ್ಟ ಮಾಹಿತಿಗೆ ವಿರುದ್ಧವಾಗಿ ಏನು ಮಾಡುವುದಿದ್ದರೂ ಮೊದಲು ಅವರನ್ನು ಕೇಳಬೇಕು. ಆಕೆಗೆ ಫೋನ್ ಮಾಡಿದೆ. ಅಮ್ಮನ ತಮ್ಮ ಆ ಟೇಪನ್ನು ಅಮೆರಿಕದಿಂದ ಕಳಿಸಿರಬಹುದೇ ಎಂದು ಕೇಳಿದೆ. ಸಾಧ್ಯವೇ ಇಲ್ಲ ಎಂದರು, ಊರಿನವರೆಲ್ಲ ಹೇಳುವುದು ಅಡುಗೆಮನೆ ಎಂದೇ, ನನ್ನ ಅಧ್ಯಾಯ ಬರೆದು ಮುಗಿದಿದೆ, ದಯವಿಟ್ಟು ಇನ್ನು ಅದನ್ನು ಮುಟ್ಟಬೇಡಿ ಎಂದರು. ಅಮ್ಮನನ್ನು ಕೇಳಿ ಎಂದೆ. ಅಮ್ಮ ಈಗ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾರೆ, ಟೇಪಿನ ಮಾತೆತ್ತಿದರೆ ಅಳುತ್ತಾರೆ, ಎತ್ತುವುದಿಲ್ಲ ಎಂದರು.

ಫೋನಿಟ್ಟೆ. ಒಂದು ಕಡೆ ಸಹಿ ಮಾಡಿದ ಕಾಗದ, ಇನ್ನೊಂದು ಕಡೆ ಔಷಧದ ಮಂಪರಿನಲ್ಲಿರುವ ಮುದುಕಿಯ ಎರಡು ಬೆರಳು. ನಾನು ಬೆರಳನ್ನು ನಂಬುವುದೆಂದು ತೀರ್ಮಾನಿಸಿದೆ. ಇಪ್ಪತ್ತು ವರ್ಷದಲ್ಲಿ ಗಿರಾಕಿಯ ಮಾತು ಮೀರಿ ಮಾಡಿದ ಒಂದೇ ಕೆಲಸ ಅದು.

ಅಸಲು ಧ್ವನಿಯನ್ನು ಮತ್ತೆ ತೆರೆದು, ತುಂಡು ತುಂಡಾಗಿ ಅರವತ್ತಕ್ಕೆ ಏರಿಸಿದೆ. ಶುರುವಿನಲ್ಲಿ ಸ್ವಲ್ಪ, ಕೊನೆಯಲ್ಲಿ ಜಾಸ್ತಿ. ಹನ್ನೊಂದು ಅಂಟಿನ ಹತ್ತಿರವೂ ಗುಂಯ್ ಜಾರದಂತೆ ಕೈಯಲ್ಲೇ ಸರಿಮಾಡಬೇಕಾಯಿತು. ಸಂಜೆಯಾಯಿತು. ಮುಗಿಸಿ ಹೆಡ್‌ಫೋನ್ ಹಾಕಿದೆ.

"ಸರಿ, ಹೊರಡು ಹಾಗಾದ್ರೆ." ಹುಡುಗನ ದನಿ. ಮೀಸೆ ಬಂದು ಹೆಚ್ಚು ದಿನವಾಗಿರದ ಹುಡುಗ. ನಗುತ್ತಿದ್ದಾನೆ. ನಾನು ಇಳಿಸಿದಾಗ ಆ ನಗು ಗಂಟಲಲ್ಲಿ ಹೂತುಹೋಗಿತ್ತು.

ಆಮೇಲೆ ಪಿಟೀಲು. ಅದರ ತೀರ ಕೆಳಗಿನ ತಂತಿ ಖಾಲಿಯಾಗಿ, ಅಂದರೆ ಬೆರಳು ಒತ್ತದೆ, ನುಡಿದ ಒಂದು ಜಾಗದಲ್ಲಿ ನಿಲ್ಲಿಸಿ ಅಳೆದೆ. ಪಾಶ್ಚಾತ್ಯರ ಪಿಟೀಲಿನಲ್ಲಿ ಆ ತಂತಿ ಎಲ್ಲಿರಬೇಕೋ ಕೂದಲೆಳೆಯಷ್ಟೂ ತಪ್ಪದೆ ಅಲ್ಲೇ ಇತ್ತು. ಹಾಗಾದರೆ ಮೊದಲ ಸಲ ಮೂರು ಸ್ವರಸ್ಥಾನ ಕೆಳಗೆ ಕೂತಿದ್ದ ತಂತಿಯನ್ನು ಕೇಳಿಯೂ ನನಗೆ ಏಕೆ ಸಂಶಯ ಬರಲಿಲ್ಲ? ಆ ದೇಶದಲ್ಲಿ ಪಿಟೀಲು ಹಿಡಿದ ಮಗುವಿಗೂ ತಕ್ಷಣ ತಿಳಿಯುತ್ತಿತ್ತು. ಅವರಿಗೆ ನಾಲ್ಕು ತಂತಿಗೂ ಜಗತ್ತಿಡೀ ಒಂದೇ ಜಾಗ. ನಮಗೆ ಹಾಗಲ್ಲ. ಹಾಡುವವರ ಶ್ರುತಿ ಎಲ್ಲಿದೆಯೋ ಅಲ್ಲಿಗೆ ತಂತಿ ಇಳಿಸುತ್ತೇವೆ. ನನ್ನ ಗುರುಗಳು ಗಂಡಸರಿಗೆ ಪಕ್ಕವಾದ್ಯ ನುಡಿಸುವವರು, ಅವರ ತಂತಿ ಯಾವತ್ತೂ ಸಡಿಲ. ನನ್ನ ಕಿವಿಗೆ ಸಡಿಲ ತಂತಿಯೇ ಮನೆ. ಹುಡುಗನ ತಂತಿಯನ್ನು ನನ್ನ ಮನೆಗೆ ಇಳಿಸಿಕೊಂಡು, ಅಲ್ಲಿ ಕೂತು ಅತ್ತಿದ್ದೆ.

ಗಮಕ ಎಂದು ನಾನು ಮರುಳಾದದ್ದು ಗಮಕವೂ ಆಗಿರಲಿಲ್ಲ. ಬೆರಳು ಚಕ್ಕನೆ ಹಾರಿ ಕೂರುವ ತುಂಟತನ ಅದು. ಮಟ್ಟು ಓಡುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡ ಹೆಂಗಸೊಬ್ಬಳು ಜನರ ನಡುವೆ ತಲೆಯೆತ್ತಿ ನಡೆಯುವ ವೇಗ. ಮೆಕ್ಯಾನಿಕ್‌ಗೆ ಕೇಳಿಸಿದೆ. ಅವರು ಒಂದು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೊನೆಯವರೆಗೆ ಕೇಳಿದರು.

"ಇದು ದಿಬ್ಬಣದ್ದೇ ಮಾರಾಯ್ತಿ," ಅಂದರು. "ಆ ಅಜ್ಜಿ ಹೇಳಿದ್ದೇ ಸರಿ."

ಮರುದಿನ ಬೆಳಿಗ್ಗೆ ಹೇಳದೆ ಕೇಳದೆ ಅಲ್ ಅಜೀಜಿಯಾಕ್ಕೆ ಹೋದೆ. ಫೋನ್ ಮಾಡಿದರೆ ಬೇಡ ಎನ್ನುತ್ತಿದ್ದರು. ಟೀಚರಮ್ಮ ಬಾಗಿಲು ತೆಗೆದು, ಅಡ್ಡ ನಿಂತರು. ನಿದ್ದೆಯಿಲ್ಲದ ಮುಖ.

"ಅಮ್ಮ ನಿನ್ನೆಯಿಂದ ಏನೂ ತಿಂದಿಲ್ಲ. ಈಗ ಶಾಂತವಾಗಿದ್ದಾರೆ. ಇನ್ನೊಮ್ಮೆ ಅವರನ್ನ ಅಳಿಸೋಕೆ ನಾನು ಬಿಡಲ್ಲ."

"ನಿಮ್ಮ ಅಮ್ಮ ಹೇಳಿದ್ದು ಸರಿ," ಅಂದೆ. "ನಾನು ಹೇಳಿದ್ದು ತಪ್ಪು. ನಿಮ್ಮ ಮಾಮನನ್ನ ನಾನೇ ಮುದುಕನನ್ನಾಗಿ ಮಾಡಿದೆ."

ಆಕೆಗೆ ವೇಗದ ಲೆಕ್ಕವನ್ನೆಲ್ಲ ಹೇಳಿದೆ, ಬಾಗಿಲಲ್ಲೇ, ಬಿಸಿಲಲ್ಲೇ ನಿಂತು. ಪೋಸ್ಟಿನ ಸುರುಳಿ, ಅಮೆರಿಕದ ಕರೆಂಟು, ಖಾಲಿ ತಂತಿ, ಎಲ್ಲ. ಫೋನಿನಿಂದ ಆ ಒಂದು ಮಾತನ್ನು ಮಾತ್ರ ಕೇಳಿಸಿದೆ, ಹುಡುಗನ ದನಿ. ಆಕೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ತನ್ನ ಅಧ್ಯಾಯ ಬಿದ್ದುಹೋಯಿತು ಎನ್ನುವುದು ಆಕೆಯನ್ನು ಕಾಡಿದಂತೆ ಕಾಣಲಿಲ್ಲ.

"ನಾನು ಅವರಿಗೆ ಭ್ರಮೆ ಅಂದೆ," ಅಂದರು. "ಅವರ ಎದುರಿಗೇ."

ಒಳಗೆ ಹೋದೆವು.

ಅಜ್ಜಿ ಕಣ್ಣು ಮುಚ್ಚಿದ್ದರು. ಉಸಿರು ಆಗಾಗ ನಿಂತು, ಏನೋ ನೆನಪಾದಂತೆ ಮತ್ತೆ ಶುರುವಾಗುತ್ತಿತ್ತು. ಮಗಳು ಕಿವಿಯ ಬಳಿ ಬಾಗಿ, ಅಮ್ಮಾ, ಟೇಪು ಸರಿಮಾಡಿ ತಂದಿದ್ದಾರೆ, ಎಂದರು. ಅಜ್ಜಿ ಬೇಡವೆಂಬಂತೆ ತಲೆ ಅಲ್ಲಾಡಿಸಿದರು. ಮಗಳು ನನ್ನ ಕಡೆ ನೋಡಿದರು. ನಾನು ಗುಂಡಿ ಒತ್ತಿದೆ. ಬೇಡ ಎಂದವರಿಗೆ ಕೇಳಿಸುವುದು ತಪ್ಪೇ ಇರಬಹುದು, ಆದರೆ ಒತ್ತಿದೆ.

"ಸರಿ, ಹೊರಡು ಹಾಗಾದ್ರೆ."

ಅಜ್ಜಿ ಕಣ್ಣು ಬಿಟ್ಟರು.

ಪಿಟೀಲು ಎರಡು ಸುತ್ತು ಬರುವವರೆಗೆ ಅವರು ಛಾವಣಿ ನೋಡುತ್ತಿದ್ದರು. ಆಮೇಲೆ ಮಾತಾಡಲು ಶುರು ಮಾಡಿದರು. ಇಂಗ್ಲಿಷಿನಲ್ಲಿ ಅಲ್ಲ. ಅವರ ಊರಿನ ಐರಿಷ್ ಭಾಷೆಯಲ್ಲಿ. ದನಿ ಸಣ್ಣಗಿತ್ತು, ಆದರೆ ತಡವರಿಸಲಿಲ್ಲ. ಎದುರಿಗೆ ಕೂತವನ ಜತೆ ಮಾತಾಡುವ ಹಾಗೆ, ನಡುವೆ ಕೇಳಿ, ಉತ್ತರಕ್ಕೆ ನಿಂತು, ಬೈದು, ಒಂದು ಸಲ ನಕ್ಕು. ಪಿಟೀಲು ಮುಗಿಯಿತು. ಕೈಯಿಂದ ಮತ್ತೆ ಎಂದು ಸನ್ನೆ ಮಾಡಿದರು, ಮತ್ತೆ ಹಾಕಿದೆ. ಮತ್ತೂ ಮಾತಾಡಿದರು. ಮಟ್ಟಿನ ಹೆಸರಿರಬೇಕು, ಒಂದು ಶಬ್ದ ನಾಲ್ಕೈದು ಸಲ ಬಂತು. ಬೆರಳಿನಿಂದ ಗಾಳಿಯಲ್ಲಿ ಏನೋ ದಾರಿ ತೋರಿಸಿದರು, ಇಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಹೀಗೆ ಮೂರು ಸಲ ಮಟ್ಟು ಬಂದು ಹೋಯಿತು. ಹತ್ತು ನಿಮಿಷವಾದರೂ ಮಾತಾಡಿರಬೇಕು. ಆಮೇಲೆ ಸುಸ್ತಾಗಿ ಕಣ್ಣು ಮುಚ್ಚಿದರು.

ಮಗಳು ಮಂಚದ ಅಂಚಿನಲ್ಲಿ ಕೂತು ಅಮ್ಮನ ಕೈ ಹಿಡಿದಿದ್ದರು. ನಾನು ಸ್ಪೀಕರು ಎತ್ತಿಕೊಂಡು ಸದ್ದಾಗದಂತೆ ಹೊರಗೆ ಬಂದೆ.

ಮೂರು ದಿನದ ಮೇಲೆ ಅಜ್ಜಿ ತೀರಿಕೊಂಡರು. ಆ ಮೂರು ದಿನದಲ್ಲಿ ಮತ್ತೆ ಮಾತಾಡಲಿಲ್ಲವಂತೆ. ದೇಹವನ್ನು ಊರಿಗೆ ಒಯ್ಯುವ ಕಾಗದಪತ್ರದ ಓಡಾಟದ ನಡುವೆ ಟೀಚರಮ್ಮ ಸ್ಟುಡಿಯೊಗೆ ಬಂದರು. ಟೇಪು ಮತ್ತು ಡಬ್ಬಿಯನ್ನು ಕೊಟ್ಟೆ. ಆಕೆ ಹೋಗಲಿಲ್ಲ, ಅಲ್ಲೇ ನಿಂತರು.

"ಅಮ್ಮ ಅವತ್ತು ಏನು ಹೇಳಿದರು ಅಂತ ನನಗೆ ಗೊತ್ತಾಗಲಿಲ್ಲ," ಅಂದರು. "ನನಗೆ ಆ ಭಾಷೆ ಬರಲ್ಲ. ತಮ್ಮ ಸತ್ತ ಮೇಲೆ ಅಮ್ಮ ಇಂಗ್ಲೆಂಡಿಗೆ ಬಂದು ನರ್ಸ್ ಆದರು, ನನ್ನ ಜತೆ ಒಂದು ಮಾತೂ ಅದರಲ್ಲಿ ಆಡಲಿಲ್ಲ. ಮದುವೆ, ಅಜ್ಜ, ಹೀಗೆ ಒಂದೆರಡು ಶಬ್ದ ಗುರುತು ಸಿಕ್ಕಿತು, ಅಷ್ಟೇ. ಆ ಮಟ್ಟಿನ ಕಥೆಯನ್ನೆಲ್ಲ ಹೇಳಿದರು ಅನ್ನಿಸುತ್ತೆ. ಯಾರಿಂದ ಬಂತು, ಯಾರ ಮದುವೆಗೆ ಕಳಿಸಿದ, ಎಲ್ಲ. ಊರಲ್ಲಿ ಆ ಭಾಷೆ ಬರುವ ಒಬ್ಬರು ಹಿರಿಯರಿದ್ದಾರೆ. ಅವರಿಗೆ ಕೇಳಿಸಿದರೆ ಅರ್ಥ ಹೇಳ್ತಾರೆ." ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. "ನೀವು ರೆಕಾರ್ಡ್ ಮಾಡಿಕೊಂಡಿದ್ದೀರಿ ತಾನೇ?"

ನನ್ನ ಚೀಲದಲ್ಲಿ ಅವತ್ತು ರೆಕಾರ್ಡರ್ ಇತ್ತು. ಎಲ್ಲಿಗೆ ಹೋದರೂ ಇರುತ್ತದೆ. ನನ್ನ ಯಂತ್ರ ಆ ಕೋಣೆಯಲ್ಲಿ ಸಾಕಷ್ಟು ಕೆಡಿಸಿದೆ, ಇನ್ನು ಅದನ್ನು ಹೊರಗೆ ತೆಗೆಯಬಾರದು ಎಂದುಕೊಂಡು ಸುಮ್ಮನೆ ಕೂತಿದ್ದೆ. ಮರ್ಯಾದೆ ಎಂದುಕೊಂಡಿದ್ದೆ ಅದನ್ನು.

"ಇಲ್ಲ," ಅಂದೆ.